ಕೋಟೆ ಕಂಡ ಯುದ್ಧ, ಊರು ಕಂಡ ಯುದ್ಧ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಮಳೆ ಕಡಿಮೆಯಾದ, ರಾಗಿ, ಶೇಂಗಾ ಬೆಳೆಯುವ ಈ ಬಯಲುಸೀಮೆಯಲ್ಲಿ ಒಂಟಿ ಬಂಡೆಗುಡ್ಡಗಳು ಅಲ್ಲಲ್ಲಿ ತಲೆ ಎತ್ತಿವೆ. ಮಧುಗಿರಿ, ಮಿಡಿಗೇಶಿ, ಚನ್ನರಾಯನದುರ್ಗ, ಪಾವಗಡ, ನಿಡಗಲ್ಲು ಬೆಟ್ಟಗಳ ಮೇಲೆ ಕೋಟೆಗಳಿವೆ. ಶಿರಾದ್ದು ಕಂದಕ ಸುತ್ತಿದ ನೆಲಗೋಟೆ. ಬಿಜಾಪುರ, ಪುಣೆಗಳಿಂದ ದಕ್ಷಿಣಕ್ಕೆ ಇಳಿಯುವ ಸೈನ್ಯಕ್ಕೂ ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಡುವ ಸೈನ್ಯಕ್ಕೂ ಇದು ರೂಢಿಯ ದಾರಿ. ಹಾಗಾಗಿ ಈ ನಾಲ್ಕು ತಾಲ್ಲೂಕುಗಳು ನೂರಾರು ವರ್ಷ ದಂಡು ಕಂಡವು.

ಆ ಯುದ್ಧಗಳ ನೆನಪು ಮೂರು ಕಡೆ ಉಳಿದಿದೆ: ಊರ ಮುಂದಿನ ಕಲ್ಲಿನಲ್ಲಿ, ಅರಮನೆ ಮತ್ತು ಕಚೇರಿಗಳಲ್ಲಿ ಹುಟ್ಟಿದ ಪುಸ್ತಕಗಳಲ್ಲಿ, ಜನ ಸೇರುವ ಜಾತ್ರೆ, ಉರುಸು, ಬಯಲಾಟಗಳಲ್ಲಿ. ಕೋಟೆ ಯಾವ ವರ್ಷ ಯಾರ ಕೈಸೇರಿತು ಎಂಬುದನ್ನು ಪುಸ್ತಕ ಹೇಳುತ್ತದೆ. ಆಗ ಊರಿನಲ್ಲಿ ಸತ್ತವನ ಹೆಸರನ್ನು ಕಲ್ಲು ಹೇಳುತ್ತದೆ. ಊರಿಗೆ ಹಿಡಿದ ಭಯವನ್ನು, ಹೊತ್ತ ಹರಕೆಯನ್ನು ಜಾತ್ರೆ ಹೇಳುತ್ತದೆ. ಈ ಮೂರನ್ನೂ ಎದುರುಬದುರು ಕೂರಿಸಿದಾಗ ಮಾತ್ರ ಸ್ಥಳೀಯ ಯುದ್ಧಸ್ಮೃತಿ ಪೂರ್ತಿಯಾಗುತ್ತದೆ.

ದಂಡು ಬಂದ ಕಾಲಗಳು

ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಈ ಸೀಮೆ ನೊಳಂಬವಾಡಿ ಮೂವತ್ತೆರಡು ಸಾವಿರದ ಆಸುಪಾಸಿನಲ್ಲಿತ್ತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಈಗ ಗಡಿಯಾಚೆ ಆಂಧ್ರದ ಮಡಕಶಿರಾ ಭಾಗದಲ್ಲಿದೆ. ಗಂಗರಿಗೂ ನೊಳಂಬರಿಗೂ ನಡೆದ ಕಾಳಗಗಳು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಗಿದವು. ನೊಳಂಬರನ್ನು ಸೋಲಿಸಿದ ಗಂಗ ದೊರೆ ಮಾರಸಿಂಹ ‘ನೊಳಂಬಕುಲಾಂತಕ’ ಎಂಬ ಬಿರುದು ಹೊತ್ತ. ಆಮೇಲೆ ಪಾವಗಡ ತಾಲ್ಲೂಕಿನ ನಿಡಗಲ್ಲನ್ನು ನೆಲೆ ಮಾಡಿಕೊಂಡು ಚೋಳ ಹೆಸರಿನ ಸಾಮಂತರು ಆಳಿದರು.

ಹದಿನೇಳನೆಯ ಶತಮಾನದಿಂದ ಯುದ್ಧಗಳು ಒತ್ತೊತ್ತಾಗಿ ಬಂದವು. ರತ್ನಗಿರಿಯ ನಾಯಕ ರಂಗಪ್ಪ ಕಟ್ಟಿಸಲು ಹೊರಟ ಶಿರಾವನ್ನು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ ವಶಪಡಿಸಿಕೊಂಡ. ಬಿಜಾಪುರದ ಪರವಾಗಿ ಆಳಿದ ಮಲಿಕ್ ರಿಹಾನನ ಸಮಾಧಿ 1651ರದ್ದು. ಮಧುಗಿರಿಯ ನಾಡಪ್ರಭುಗಳಿಂದ ಕೋಟೆಯನ್ನು 1678ರಲ್ಲಿ ಮೈಸೂರಿನ ಚಿಕ್ಕದೇವರಾಜ ಒಡೆಯರ ಸೈನ್ಯ ಕಿತ್ತುಕೊಂಡಿತು. 1687ರಲ್ಲಿ ಶಿರಾ ಮೊಗಲರ ಪ್ರಾಂತ್ಯದ ಕೇಂದ್ರವಾಗಿ, ಕಾಸಿಂ ಖಾನ ಮೊದಲ ಫೌಜುದಾರನಾದ. ಎಂಟೇ ವರ್ಷಗಳಲ್ಲಿ, 1695ರಲ್ಲಿ, ಈಗಿನ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಲ್ಲಿ ಮರಾಠ ಸೇನಾನಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ಕಾಸಿಂ ಖಾನ ಅಲ್ಲೇ ಸತ್ತ.

ಹದಿನೆಂಟನೆಯ ಶತಮಾನದಲ್ಲಿ ಶಿರಾ ಮತ್ತೆ ಮತ್ತೆ ಕೈ ಬದಲಾಯಿಸಿತು. 1757ರಲ್ಲಿ ಮರಾಠರು, 1761ರಲ್ಲಿ ಹೈದರಾಲಿ, 1767ರ ಹೊತ್ತಿಗೆ ಮತ್ತೆ ಮರಾಠರು, 1774ರಲ್ಲಿ ಟಿಪ್ಪು. ಮಧುಗಿರಿಯ ಕಥೆಯೂ ಇದಕ್ಕೆ ಹೊಂದಿಕೊಂಡೇ ನಡೆಯಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನೂ ಆಕೆಯ ದತ್ತುಮಗನನ್ನೂ ಮಧುಗಿರಿ ಕೋಟೆಯಲ್ಲಿ ಸೆರೆಯಿಟ್ಟ. 1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದಾಗ ಅವರಿಗೆ ಬಿಡುಗಡೆಯಾಯಿತು. ಪುಣೆಗೆ ಹೋಗುವ ದಾರಿಯಲ್ಲಿ ರಾಣಿ ತೀರಿಕೊಂಡಳು. ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, 1791ರಲ್ಲಿ, ಮರಾಠರ ದಂಡು ಮತ್ತೆ ಶಿರಾಕ್ಕೆ ಬಂತು. ಮಧುಗಿರಿಗೂ ಮುತ್ತಿಗೆ ಹಾಕಿತು, ಕೋಟೆ ಬೀಳಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಪ್ರದೇಶ ಮೈಸೂರು ಒಡೆಯರ ರಾಜ್ಯದಲ್ಲಿ ಉಳಿಯಿತು.

ಕಲ್ಲಿನ ಲೆಕ್ಕ

ಈ ರಾಜಕೀಯದ ಅಡಿಯಲ್ಲಿ ಇನ್ನೊಂದು ಯುದ್ಧವಿತ್ತು. ದನ ಹೊಡೆದುಕೊಂಡು ಹೋಗುವ ತುರುಗೋಳು, ಊರು ಸುಡುವ ಊರಳಿವು, ಗಡಿಯ ಜಗಳ. ಇವುಗಳಲ್ಲಿ ಸತ್ತವರು ವೀರಗಲ್ಲುಗಳ ಮೇಲಿದ್ದಾರೆ. ಕನ್ನಡದ ಅತಿ ಹಳೆಯ ವೀರಗಲ್ಲುಗಳಲ್ಲಿ ಒಂದು ಇಲ್ಲಿಂದ ದೂರವೇನೂ ಇಲ್ಲದ, ಚಿತ್ರದುರ್ಗದ ಬಳಿಯ ತಮಟಕಲ್ಲಿನದು.

ವೀರಗಲ್ಲಿನ ಶಿಲ್ಪವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರುವುದು. ಕೆಳಗಡೆ ಹಸುಗಳಿದ್ದರೆ ಅದು ತುರುಗೋಳಿನ ಸಾವು. ಬರಹವಿದ್ದರೆ ಸತ್ತವನ ಹೆಸರು, ಊರು, ಆಳುತ್ತಿದ್ದ ದೊರೆ, ಅವನ ಮನೆಯವರಿಗೆ ಬಿಟ್ಟ ನೆಲ ಸಿಗುತ್ತದೆ. ಈ ನೆಲಕ್ಕೆ ಶಾಸನಗಳಲ್ಲಿ ಬಾಳ್ಗಳ್ಚು, ಕಲ್ನಾಡು, ನೆತ್ತರುಕೊಡಗೆ ಎಂಬ ಹೆಸರುಗಳಿವೆ. ಅರಸನ ಪ್ರಶಸ್ತಿಯಲ್ಲಿ ಒಂದು ಬಿರುದಾಗಿ ಮುಗಿಯುವ ಯುದ್ಧ, ಇಲ್ಲಿ ಒಂದು ಮನೆಯ ಸಾವು ಮತ್ತು ಒಂದು ಹೊಲದ ಹಕ್ಕಾಗಿ ದಾಖಲಾಗಿದೆ.

ಮಾಸ್ತಿಗಲ್ಲು ಯುದ್ಧದ ಇನ್ನೊಂದು ಬದಿಯನ್ನು ತೋರಿಸುತ್ತದೆ. ಬಳೆ ತೊಟ್ಟ ಕೈಯೊಂದನ್ನು ಎತ್ತಿ ಹಿಡಿದ ಹೆಂಗಸಿನ ಶಿಲ್ಪ ಅದರ ಗುರುತು. ಗಂಡ ಸತ್ತ ಮೇಲೆ ಬೆಂಕಿಗೆ ಹೋದವಳನ್ನು ಊರು ದೇವರ ಸಾಲಿಗೆ ಸೇರಿಸಿಕೊಂಡಿತು. ಮಿಡಿಗೇಶಿಯ ಸ್ಥಳಪುರಾಣದ ನಡುವೆಯೂ ಬೆಂಕಿಗೆ ಹೋದ ಹೆಂಗಸೇ ಇದ್ದಾಳೆ. ಈ ನೆನಪನ್ನು ಇಂದು ಬರೆಯುವವರು ಹೊಗಳಿಕೆಗಿಂತ ಮೊದಲು ಆ ಸಾವಿಗೆ ಕಾರಣವಾದ ಯುದ್ಧವನ್ನೂ ರೂಢಿಯನ್ನೂ ವಿವರಿಸಬೇಕಾಗುತ್ತದೆ.

ಯಾರ ಪುಸ್ತಕ, ಯಾರ ನೆನಪು

ಈ ಸೀಮೆಯ ಯುದ್ಧಗಳ ಬಗ್ಗೆ ಬರಹ ಸಾಕಷ್ಟಿದೆ, ಆದರೆ ಅದು ಹಲವು ಭಾಷೆಗಳಲ್ಲಿ ಚದುರಿದೆ. ಚಿಕ್ಕದೇವರಾಜರ ಗೆಲುವುಗಳು ಮೈಸೂರು ಆಸ್ಥಾನದ ಕನ್ನಡ ಕೃತಿಗಳಲ್ಲಿವೆ. ವೀರಮ್ಮಾಜಿಯ ವಂಶದ ಕಥೆ ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ದಲ್ಲಿದೆ. ಮರಾಠರ ದಂಡಯಾತ್ರೆಗಳ ವಿವರ ಪೇಶ್ವೆಯರ ದಫ್ತರದ ಮರಾಠಿ ಪತ್ರಗಳಲ್ಲಿದೆ. ಶಿರಾದ ಬಿಜಾಪುರ ಮತ್ತು ಮೊಗಲ್ ಕಾಲವನ್ನು ತಿಳಿಯಲು ಪಾರಸಿ ಬರಹಗಳ ಕಡೆ ಹೋಗಬೇಕು. 1791ರ ಮರಾಠ ದಂಡಿನ ಜೊತೆಗಿದ್ದ ಇಂಗ್ಲಿಷ್ ತುಕಡಿಯ ಕಥೆಯನ್ನು ಎಡ್ವರ್ಡ್ ಮೂರ್ ಎಂಬ ಅಧಿಕಾರಿ 1794ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ. ಇವೆಲ್ಲ ಒಂದೊಂದು ಪಕ್ಷದ ಕಡೆಯಿಂದ ಬರೆದವು.

ಊರಿನವರ ಮಾತಿಗೆ ಕಿವಿಗೊಟ್ಟ ಬರಹಗಳು 1799ರ ಬಳಿಕ ಕಾಣಿಸಿಕೊಂಡವು, ಅದೂ ಹೊಸ ಆಡಳಿತಕ್ಕೆ ಮಾಹಿತಿ ಬೇಕಾಗಿದ್ದರಿಂದ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶಿರಾ, ಮಧುಗಿರಿಗಳನ್ನು ಹಾದುಹೋದ. ಬೆಳೆ, ಮಗ್ಗ, ಕಬ್ಬಿಣದ ಕುಲುಮೆಗಳ ಬಗ್ಗೆ ಕೇಳುತ್ತಾ ಹೋದವನಿಗೆ ಯುದ್ಧದಿಂದ ಆದ ಹಾಳೂ ಕಣ್ಣಿಗೆ ಬಿತ್ತು. ಅವನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಬಂತು. ಮೊಗಲರ ಕಾಲದ ದಿಲಾವರ್ ಖಾನನ ಆಳ್ವಿಕೆಯಲ್ಲಿ ಶಿರಾದಲ್ಲಿ 50,000 ಮನೆಗಳಿದ್ದವೆಂದು ಜನ ಹೇಳುತ್ತಿದ್ದರು. ಅಂಕಿ ಹಿಗ್ಗಿರಬಹುದು, ತಮ್ಮ ಊರು ಎಷ್ಟು ಕುಗ್ಗಿತು ಎಂಬ ಭಾವನೆಗೆ ಮಾತ್ರ ಅದು ಒಳ್ಳೆಯ ಸಾಕ್ಷಿ.

ಅದೇ ಕಾಲದಲ್ಲಿ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೇ ನಡೆಸುತ್ತಾ ಶಾನುಭೋಗರು, ಗೌಡರು, ಮಠ ಮತ್ತು ದೇವಸ್ಥಾನಗಳವರಿಂದ ಕೈಫಿಯತ್ತುಗಳನ್ನು ಬರೆಸಿಕೊಂಡ. ಊರು ಹುಟ್ಟಿದ್ದು, ಪಾಳೆಯಗಾರ ಬಂದದ್ದು, ಮುತ್ತಿಗೆ, ಬರ, ಊರು ಬಿಟ್ಟು ಹೋದದ್ದು ಎಲ್ಲವೂ ಅವುಗಳಲ್ಲಿ ಕಲಸಿಕೊಂಡಿವೆ. ಎಂ. ಎಂ. ಕಲಬುರ್ಗಿ ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಗ್ರಂಥವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದ ಮೇಲೆ ಈ ಬಗೆಯ ದಾಖಲೆಗಳು ಸಾಮಾನ್ಯ ಓದುಗರ ಕೈಗೂ ಬಂದವು.

ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು, 1904ರಲ್ಲಿ ಬಂತು. ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿರುವುದರಿಂದ ತಮ್ಮೂರಿನ ಕಲ್ಲು ಅದರಲ್ಲಿದೆಯೇ ಎಂದು ಯಾರು ಬೇಕಾದರೂ ಹುಡುಕಬಹುದು. ಹುಡುಕುವಾಗ ಆಗಿನ ತಾಲ್ಲೂಕು ಗಡಿಗಳು ಬೇರೆ, ಮಧುಗಿರಿಯ ಹೆಸರು ಅಲ್ಲಿ ಮದ್ದಗಿರಿ ಎಂದಿದೆ ಎಂಬುದು ನೆನಪಿರಬೇಕು. ಶಾಸನಗಳಿಂದ ಜನಜೀವನವನ್ನು ಹೇಗೆ ಓದಬೇಕೆಂಬುದಕ್ಕೆ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ದಾರಿ ಹಾಕಿತು. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಈ ಸ್ಮಾರಕಗಳಿಗೇ ಮೀಸಲಾದ ಅಧ್ಯಯನ.

ಇಷ್ಟಿದ್ದರೂ ಪುಸ್ತಕಗಳು ಬಿಟ್ಟದ್ದು ದೊಡ್ಡದು. ಶಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಶ್ರೀರಂಗಪಟ್ಟಣದ ಗಂಜಾಮಿಗೆ ಸಾಗಿಸಿದನೆಂದು ರೈಸ್ ತನ್ನ ಗ್ಯಾಸೆಟಿಯರಿನಲ್ಲಿ ಬರೆದಿದ್ದಾನೆ. ಆ ವಾಕ್ಯ ಅಲ್ಲಿಗೆ ಮುಗಿಯುತ್ತದೆ. ಯಾವ ಕಸುಬಿನವರು ಹೋದರು, ಎತ್ತು, ಮಗ್ಗ, ಮುದುಕರು ಏನಾದರು, ಯಾರು ವಾಪಸ್ ಬಂದರು ಎಂಬುದಕ್ಕೆ ಅಲ್ಲಿ ಜಾಗವಿಲ್ಲ.

ಜನ ಸೇರುವಲ್ಲಿ

ಪುಸ್ತಕ ಬಿಟ್ಟದ್ದರಲ್ಲಿ ಕೆಲಭಾಗವನ್ನು ಜನರ ಕೂಟಗಳು ಹಿಡಿದಿಟ್ಟಿವೆ. ಮಧುಗಿರಿಯ ದೊಡ್ಡ ಜಾತ್ರೆ ದಂಡಿನ ಮಾರಮ್ಮನದು. ಆರತಿ, ತೇರು, ಹರಕೆ, ನೆಂಟರ ಊಟ ಎಲ್ಲ ಸೇರಿ ದಿನಗಟ್ಟಲೆ ನಡೆಯುವ ಈ ಜಾತ್ರೆಗೆ ಊರು ಬಿಟ್ಟವರೂ ಮರಳಿ ಬರುತ್ತಾರೆ. ರೋಗ ಮತ್ತು ದಂಡು ಜೊತೆಜೊತೆಗೇ ಬರುತ್ತಿದ್ದ ಕಾಲದಲ್ಲಿ ಕಾಪಾಡುವ ತಾಯಿಯ ಹೆಸರಿನಲ್ಲೂ ದಂಡು ಸೇರಿಕೊಂಡಿದೆ. ಶಿರಾದಲ್ಲಿ ಮಲಿಕ್ ರಿಹಾನನ ಸಮಾಧಿ ಇಂದು ಜನ ಭಕ್ತಿಯಿಂದ ಬರುವ ದರ್ಗಾ. ಒಂದು ಕಾಲದ ಸೇನಾಡಳಿತಗಾರ ಪೂಜ್ಯನಾಗಿ ಉಳಿದ ಬಗೆ ಅದು. ಈ ದರ್ಗಾ, 1696ರ ಜುಮ್ಮಾ ಮಸೀದಿ, ಮಧುಗಿರಿಯ ಕೋಟೆ ಮೂರೂ ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿವೆ.

ಮೂಡಲಪಾಯ ಬಯಲಾಟ, ವೀರಗಾಸೆ, ತತ್ವಪದ, ಭಜನೆಗಳ ಕೂಟಗಳು ಈ ಸೀಮೆಯಲ್ಲಿ ನೆನಪಿನ ಶಾಲೆಗಳು. ಬಯಲಾಟದ ಪ್ರಸಂಗ ಮಹಾಭಾರತದ್ದೇ ಆದರೂ ಭಾಗವತ ಮತ್ತು ಹಾಸ್ಯಗಾರರ ಮಾತಿನಲ್ಲಿ ಸ್ಥಳೀಯ ಕಥೆಗೆ ಎಡೆಯಿರುತ್ತದೆ. ಶಿರಾ ಸೀಮೆಯ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ದನಕಾಯುವವರ ಬದುಕನ್ನೇ ವೀರಗಾಥೆಯಾಗಿ ಹಾಡುತ್ತದೆ. ದನವೇ ಸಂಪತ್ತಾಗಿದ್ದ, ದನಕ್ಕಾಗಿ ಜೀವ ಕೊಡುತ್ತಿದ್ದ ಲೋಕ ವೀರಗಲ್ಲಿನ ಬರಹದಲ್ಲಿ ಎರಡು ಸಾಲಾದರೆ ಗೊಲ್ಲರ ಹಾಡಿನಲ್ಲಿ ರಾತ್ರಿಯಿಡೀ ಮುಗಿಯದು. ಪಾವಗಡದ ಕಡೆ ಮಾತು ಕನ್ನಡ, ತೆಲುಗು ಎರಡರಲ್ಲೂ ಓಡಾಡುತ್ತದೆ. ಶಿರಾದ ಮನೆಗಳಲ್ಲಿ ಉರ್ದುವೂ ಇದೆ. ಕನ್ನಡದಲ್ಲಿ ಮಾತ್ರ ಕೇಳಿದರೆ ಅರ್ಧ ಕಥೆ ಸಿಗುವುದಿಲ್ಲ.

ಕೂಟದ ನೆನಪಿಗೂ ತನ್ನ ದೋಷಗಳಿವೆ. ಅದು ಇಸವಿಗಳನ್ನು ಕಲಸುತ್ತದೆ, ಬೇರೆ ಬೇರೆ ಮುತ್ತಿಗೆಗಳನ್ನು ಒಂದೇ ಮಾಡುತ್ತದೆ, ಹತ್ತಿರದ ಊರಿನ ಪ್ರಸಿದ್ಧ ಕಥೆಯನ್ನು ತನ್ನದಾಗಿಸಿಕೊಳ್ಳುತ್ತದೆ. ಇದನ್ನು ತಿದ್ದಲು ಪುಸ್ತಕ ಬೇಕು. ಪುಸ್ತಕದ ಒಣ ವಾಕ್ಯಕ್ಕೆ ಮುಖ ಬರಲು ಕೂಟ ಬೇಕು.

ಇನ್ನೂ ಜೀವಂತವಿರುವ ನೆನಪು

ಇಪ್ಪತ್ತನೆಯ ಶತಮಾನದ ಯುದ್ಧಗಳು ಈ ನೆಲದ ಮೇಲೆ ನಡೆಯಲಿಲ್ಲ, ಆದರೂ ಇಲ್ಲಿಗೆ ತಟ್ಟಿದವು. ಮೊದಲ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಲಾನ್ಸರ್ಸ್ ಅಶ್ವದಳ ಜೋಧಪುರದ ದಳದೊಂದಿಗೆ 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದಿತು. ಅದರ ಸ್ಮಾರಕಸ್ತಂಭ ಬೆಂಗಳೂರಿನಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ ಮೈಸೂರು ಕಾಲ್ದಳ 1942ರಲ್ಲಿ ಸಿಂಗಪುರದಲ್ಲಿ ಜಪಾನೀಯರ ಸೆರೆಗೆ ಬಿತ್ತು. ಹಳ್ಳಿಗಳಿಗೆ ಆ ಯುದ್ಧ ಲೆವಿಯ ರೂಪದಲ್ಲಿ ಬಂತು. ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಇಷ್ಟು ಅಳೆಯಬೇಕೆಂಬ ಕಟ್ಟಳೆ, ರೇಷನ್ ಚೀಟಿ, ಸೀಮೆಎಣ್ಣೆ ಮತ್ತು ಬಟ್ಟೆಯ ಅಭಾವ. 1943ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಈ ನೆನಪನ್ನು ಬಾಯಿಂದ ಕೇಳಿ ಬರೆದುಕೊಳ್ಳಲು ಉಳಿದಿರುವ ಅವಕಾಶ ತೀರಾ ಕಡಿಮೆ.

ಸ್ವಾತಂತ್ರ್ಯಾನಂತರದ 1962, 1965, 1971, 1999ರ ಯುದ್ಧಗಳ ನೆನಪು ನಿವೃತ್ತ ಸೈನಿಕರಲ್ಲೂ ಅವರ ಮನೆಯವರಲ್ಲೂ ಇದೆ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಎಪ್ಪತ್ತು ದಾಟಿದ್ದಾರೆ. ಅವರ ಬಳಿ ಡಿಸ್ಚಾರ್ಜ್ ಪುಸ್ತಕ, ಪದಕ, ಗುಂಪಿನ ಫೋಟೊ ಇರುತ್ತವೆ. ಮನೆಯಲ್ಲಿ 56 ಎಪಿಒ ಅಥವಾ 99 ಎಪಿಒ ಮುದ್ರೆಯ ಇನ್‌ಲ್ಯಾಂಡ್ ಪತ್ರಗಳು, ಮನಿ ಆರ್ಡರ್ ಚೀಟಿಗಳು, ಟೆಲಿಗ್ರಾಂ ಇರುತ್ತವೆ. ದೇಶದಲ್ಲಿ ಟೆಲಿಗ್ರಾಂ ಸೇವೆಯೇ 2013ರ ಜುಲೈನಲ್ಲಿ ನಿಂತಿತು. ಊರಿಗೆ ಟೆಲಿಗ್ರಾಂ ಬಂದಾಗ ಯಾರು ಓದಿ ಹೇಳಿದರು ಎಂಬ ಪ್ರಶ್ನೆಯೊಂದೇ ಎಷ್ಟೋ ಮಾತನ್ನು ಹೊರತೆಗೆಯಬಲ್ಲದು. ಹೆಂಗಸರನ್ನು ಬೇರೆಯಾಗಿ ಕೂರಿಸಿ ಕೇಳುವುದು ಇಲ್ಲಿ ಮುಖ್ಯ. ಬೆಲಾರೂಸಿನ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಯುದ್ಧಕ್ಕೆ ಹೋಗಿಬಂದ ಹೆಂಗಸರ ಮಾತುಗಳನ್ನೇ ಕೂಡಿಸಿ ಪುಸ್ತಕ ಮಾಡಿದಾಗ ಗೆಲುವಿನ ಕಥೆಯ ಬಣ್ಣವೇ ಬದಲಾಯಿತು. ಭಾರತ ವಿಭಜನೆಯ ಬಗ್ಗೆ ಊರ್ವಶಿ ಬುಟಾಲಿಯಾ 1998ರಲ್ಲಿ ತಂದ ಪುಸ್ತಕವೂ ಮನೆಯೊಳಗಿನ ಮೌನವನ್ನು ಕೇಳಿಸಿಕೊಂಡೇ ಬೆಳೆದದ್ದು.

ಕೂಡಿ ಉಳಿಸುವ ಕ್ರಮ

ಕಲ್ಲು, ಪುಸ್ತಕ, ಕೂಟ ಮೂರೂ ಕೂಡಿದ ಉದಾಹರಣೆ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಸುಮಾರು ಕ್ರಿ.ಶ. 750ರ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಅಲ್ಲಿ ಪತ್ತೆಯಾಯಿತು. ಶಾಸನಾಸಕ್ತರು ಅದನ್ನು ಓದಿ ತಿಳಿಸಿದ ಮೇಲೆ ಅಲ್ಲಿನ ನಿವಾಸಿಗಳೇ ಸೇರಿ ಕಲ್ಲಿಗೆ ಮಂಟಪ ಕಟ್ಟಿಸಿದರು. ಬೆಂಗಳೂರಿನ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿದೆ; ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳೂ ಆ ಚಿತ್ರಗಳಲ್ಲಿ ಓದಲು ಸಿಗುತ್ತವೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಕಿತ್ತೂರಿನಲ್ಲಿ 1824ರ ಯುದ್ಧದ ನೆನಪು ವರ್ಷವರ್ಷದ ಉತ್ಸವವಾಗಿದೆ.

ನಾಲ್ಕು ತಾಲ್ಲೂಕುಗಳಿಗೆ ಇಂಥ ಕೆಲಸಕ್ಕೆ ಒಂದು ಅನುಕೂಲವಿದೆ. ಇವು ನಾಲ್ಕೂ ಸೇರಿಯೇ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದ್ದು, ಹಳ್ಳಿ ಹಳ್ಳಿಯ ಶಾಲೆಗಳು ಒಂದೇ ಆಡಳಿತದಲ್ಲಿವೆ. ಮಕ್ಕಳು ತಮ್ಮೂರಿನ ಕಲ್ಲುಗಳ ಪಟ್ಟಿ ಮಾಡಿ, ಫೋಟೊ ತೆಗೆದು, ನಿಂತ ಜಾಗವನ್ನು ಗುರುತಿಸಬಹುದು. ಮೇಷ್ಟ್ರು ಅದನ್ನು ರೈಸನ ಸಂಪುಟಕ್ಕೂ ಪುರಾತತ್ವ ಇಲಾಖೆಯ ಗ್ರಾಮವಾರು ಸರ್ವೇಕ್ಷಣೆಗೂ ಹೋಲಿಸಿ ನೋಡಬಹುದು. ಪಾವಗಡದ ತಿರುಮಣಿ ಸುತ್ತಿನ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಹರಡಿದಂತೆ ನೆಲದ ಬಳಕೆ ಎಲ್ಲೆಡೆ ಬೇಗ ಬದಲಾಗುತ್ತಿರುವಾಗ, ಕಲ್ಲು ಎಲ್ಲಿತ್ತು ಎಂಬ ಬರಹ ಕಲ್ಲಿನಷ್ಟೇ ಬೆಲೆಯುಳ್ಳದ್ದು.

ಹಿರಿಯರ ಮಾತು ಬರೆದುಕೊಳ್ಳುವಾಗ ಕೆಲವು ನಿಯಮಗಳು ನೆರವಾಗುತ್ತವೆ. ‘ಯಾವ ಇಸವಿ’ ಎಂದು ಕೇಳುವುದಕ್ಕಿಂತ ‘ಕೆರೆ ಕೋಡಿ ಬಿದ್ದ ವರ್ಷವೋ, ದೊಡ್ಡ ಮಗಳ ಮದುವೆಯಾದ ವರ್ಷವೋ’ ಎಂದು ಕೇಳಿದರೆ ಕಾಲ ಸರಿಯಾಗಿ ಸಿಗುತ್ತದೆ. ಕಣ್ಣಾರೆ ಕಂಡದ್ದು, ಮನೆಯವರಿಂದ ಕೇಳಿದ್ದು, ಜನ ಆಡಿಕೊಳ್ಳುವುದು ಈ ಮೂರನ್ನೂ ಬೇರೆ ಬೇರೆ ಗುರುತು ಹಾಕಿ ಬರೆಯಬೇಕು. ಹೇಳಿದವರ ಒಪ್ಪಿಗೆಯಿಲ್ಲದೆ ಹೆಸರು ಹಾಕಬಾರದು. ಮಾತು ತೆಲುಗಿನದೋ ಉರ್ದುವಿನದೋ ಆದರೆ ಮೂಲವನ್ನೂ ಉಳಿಸಿಕೊಳ್ಳಬೇಕು. ಕರಡು ಸಿದ್ಧವಾದ ಮೇಲೆ ಊರ ಅರಳಿಕಟ್ಟೆಯಲ್ಲೋ ಶಾಲೆಯ ಅಂಗಳದಲ್ಲೋ ಅದನ್ನು ಗಟ್ಟಿಯಾಗಿ ಓದಿಸಬೇಕು. ಕೇಳಿದವರು ‘ಹಂಗಲ್ಲ, ಹಿಂಗೆ’ ಎಂದು ಹೇಳುವ ಮಾತುಗಳೂ ಪುಸ್ತಕದೊಳಗೆ ಹೋಗಬೇಕು. ಜುಲೈ 26ರ ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ, ತಾಲ್ಲೂಕು ಸಾಹಿತ್ಯ ಸಮ್ಮೇಳನದ ಗೋಷ್ಠಿಗಳು ಇದಕ್ಕೆ ಒದಗುವ ಸಂದರ್ಭಗಳು.

ಅಚ್ಚಾದ ಪುಸ್ತಕ ಚಿಕ್ಕದಿರಲಿ, ಅದಕ್ಕೆ ಶಾಶ್ವತ ಜಾಗ ಬೇಕು. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಾಶಕರು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗೊತ್ತಾದ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಊರಿನ ಇತಿಹಾಸದ ಕಿರುಹೊತ್ತಿಗೆಗೂ ಇದು ಅನ್ವಯ. ಒಂದು ಪ್ರತಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಒಂದು ತಾಲ್ಲೂಕು ಗ್ರಂಥಾಲಯದಲ್ಲಿ, ಧ್ವನಿಮುದ್ರಣದ ನಕಲು ಎರಡು ಬೇರೆ ಕಡೆ ಇದ್ದರೆ ಒಬ್ಬರ ಫೋನು ಕೆಟ್ಟರೂ ನೆನಪು ಕಳೆಯದು.

ಕೊನೆಯದಾಗಿ ಒಂದು ಎಚ್ಚರಿಕೆ. ಹಳೆಯ ಯುದ್ಧಗಳಲ್ಲಿ ಇಂದಿನ ಪಕ್ಷ, ಪಂಗಡಗಳನ್ನು ಹುಡುಕುವುದು ಸುಲಭ, ತಪ್ಪೂ ಹೌದು. ಬಿಜಾಪುರದ ರಣದುಲ್ಲಾ ಖಾನನ ದಂಡಿನಲ್ಲಿ ಶಹಾಜಿ ಭೋಂಸ್ಲೆ ಇದ್ದ. ಶಿರಾವನ್ನು 1767ರ ಹೊತ್ತಿಗೆ ಪೇಶ್ವೆಗೆ ಒಪ್ಪಿಸಿದವನು ಹೈದರನ ಸ್ವಂತ ಭಾವಮೈದುನ ಮೀರ್ ಅಲಿ ರಜಾ. 1770ರಲ್ಲಿ ಮರಾಠರು ಹೈದರನ ನಿಜಗಲ್ಲು ಕೋಟೆಯನ್ನು ಹಿಡಿದಾಗ ಅವರ ಜೊತೆಗಿದ್ದದ್ದು ಚಿತ್ರದುರ್ಗದ ನಾಯಕರ ಪಡೆ. ದಂಡು ಯಾರದೇ ಆಗಿರಲಿ, ಮೇವು, ಧಾನ್ಯ, ದನ ಹೋಗುತ್ತಿದ್ದುದು ಈ ಹಳ್ಳಿಗಳಿಂದಲೇ. ಅದರಿಂದ ಸ್ಥಳೀಯ ಸಂಗ್ರಹವೊಂದು ಪ್ರತಿ ಯುದ್ಧದ ಬಗ್ಗೆಯೂ ಕೇಳಬೇಕಾದ ಪ್ರಶ್ನೆಗಳು ಎರಡು: ಕೋಟೆ ಯಾರ ಪಾಲಾಯಿತು, ಊರು ಏನು ಕಳೆದುಕೊಂಡಿತು. ಮೊದಲನೆಯದಕ್ಕೆ ಉತ್ತರ ಗ್ಯಾಸೆಟಿಯರುಗಳಲ್ಲಿ ಸಿಗುತ್ತದೆ. ಎರಡನೆಯದನ್ನು ಬರೆದುಕೊಳ್ಳುವ ಹೊಣೆ ಊರಿನವರದೇ.